ಲಕ್ಷ್ಮಪ್ಪನ ಎದೆಬಡಿತದ ಕಾಗದ

೨೦೦೧ರ ಮಾರ್ಚ್ ೧೨, ಸೋಮವಾರ ಬೆಳಿಗ್ಗೆ ೧೦-೪೦. ಮಹಾಂತೇಶ ನಗರದ ಖಾಸಗಿ ಆಸ್ಪತ್ರೆಯೊಂದರ ದಾಖಲೆ ಗುಮಾಸ್ತ ಈರಯ್ಯ ಠಾಣೆಗೆ ದೂರು ತಂದ. ಕಳುವಾದದ್ದು ಒಂದೇ ಒಂದು ಇಸಿಜಿ ಕಾಗದ.

“ಕಾಗದಕ್ಕೂ ಎಫ್‌ಐಆರ್ ಏನ್ರಿ?” ಕಾನ್‌ಸ್ಟೇಬಲ್ ಗುರುಸಿದ್ದ ನಕ್ಕ. ಇನ್‌ಸ್ಪೆಕ್ಟರ್ ದುಂಡಪ್ಪ ನಗಲಿಲ್ಲ. ಜೊತೆಗೆ ಬಂದಿದ್ದ ಡಾಕ್ಟರ್ ಗಂಗಾದೇವಿಯ ಮುಖ ನೋಡಿದರೆ ನಗುವ ಧೈರ್ಯ ಯಾರಿಗೂ ಬರುವಂತಿರಲಿಲ್ಲ.

“ಅದು ಗುಂಜಿ ಊರಿನ ಲಕ್ಷ್ಮಪ್ಪನ ಕಾಗದ,” ಎಂದರು ಗಂಗಾದೇವಿ. “ಹೋದ ವರ್ಷ ತೀರಿಕೊಂಡ. ಅವನ ಹೃದಯ ಬಡಿಸೂ ಕರೆಂಟು ಹಾದಿ ತಪ್ಪತಿತ್ತು. ಅಪ್ಪನಿಂದ ರಕ್ತದಾಗ ಬಂದ ರೋಗ. ಈಗ ಅವನ ತಂಗಿ ಶೀತಲ ಎಚ್ಚರ ತಪ್ಪಿ ನಮ್ಮಲ್ಲೆ ಅಡ್ಮಿಟ್ ಆಗ್ಯಾಳ. ಆಕಿ ಇಸಿಜಿಯೊಳಗ ಇನ್ನೂ ಏನೂ ಕಂಡಿಲ್ಲ. ಅಣ್ಣನ ಕಾಗದ ನೋಡಲಾರದ ಔಷಧ ಕೊಟ್ರ ಜೀವಕ್ಕ ಕುತ್ತು.”

“ಆ ಕಾಗದ ಮೊದಲು ಯಾರರ ಕೇಳಿದ್ರೇನು?” ದುಂಡಪ್ಪ ಕೇಳಿದ.

ಈರಯ್ಯ ತಲೆ ಕೆರೆದುಕೊಂಡ. “ಅವನ ಹೇಂತಿ ಭೀಮಕ್ಕ ಮೂರು ಸಲ ಬಂದಿದ್ಲರಿ. ಕೊಡಾಕ ಬರೂದಿಲ್ಲ ಅಂದೆ. ಶುಕ್ರವಾರ ಚಾ ಕುಡ್ಯಾಕ ಹೋದಾಗ ಕಪಾಟಿನ ಕೀಲಿ ಮೊಳಿಗೆ ಇತ್ರಿ. ಇವತ್ತ ತಗದು ನೋಡಿದ್ರ ಕಾಗದ ಇಲ್ರಿ.”

ಥೂ, ಇಂಥ ಕಾವಲು!

ಮಧ್ಯಾಹ್ನ ೨-೧೫, ಗುಂಜಿ. ಲಕ್ಷ್ಮಪ್ಪನ ತಾಯಿ ಭರಮವ್ವ ಬಾಗಿಲಲ್ಲೇ ನಿಂತು ಮಾತಾಡಿದಳು.

“ಆ ಸೊಸಿ ಹೆಸರು ಎತ್ತಬ್ಯಾಡ್ರಿ ಸಾಹೇಬ್ರ. ಕಾಲ್ಗುಣ ಕೆಟ್ಟದ್ದು. ಮದುವ್ಯಾದ ವರ್ಷದಾಗ ನನ್ನ ಮಗನ್ನ ತಿಂದ್ಲು. ಹೊರಗ ಹಾಕೀವಿ. ಶುಕ್ರವಾರ ಸಂಜಿಗೆ ಎಂಥದೋ ಕಾಗದ ಹಿಡಕೊಂಡು ಬಂದಿದ್ಲು. ಬಾಗಲಾ ತಗೀಲಿಲ್ಲ.”

“ನಿಮ್ಮ ಯಜಮಾನ್ರು ಹೆಂಗ ತೀರಿಕೊಂಡ್ರು?”

“ನಡಕೋತ ಹೊಂಟಾವ್ರು ದಪ್ಪಂತ ಬಿದ್ರು.”

“ಆವಾಗ ಯಾರ ಕಾಲ್ಗುಣ ಇತ್ತವ್ವಾ?”

ಭರಮವ್ವ ಬಾಗಿಲು ಹಾಕಿಕೊಂಡಳು. ಸೊಸೆ ಖಾನಾಪುರದ ಹೆಂಚಿನ ಕಾರ್ಖಾನೆಯಲ್ಲಿದ್ದಾಳೆಂದು ಬಾಜು ಮನೆಯವರು ಹೇಳಿದರು.

೪-೩೦, ಖಾನಾಪುರ. ಮಹಿಳಾ ಕಾನ್‌ಸ್ಟೇಬಲ್ ಮತ್ತು ಪಂಚರೊಂದಿಗೆ ಕಾರ್ಖಾನೆಯ ಹಿಂದಿನ ಅವಳ ಬಾಡಿಗೆ ಕೋಣೆಗೆ ಹೋದರೆ ಒಂದು ಚಾಪೆ, ಒಂದೇ ತಾಟು. ಭೀಮಕ್ಕ ಮಣ್ಣುಗೈಯಲ್ಲೇ ದೇವರ ಜಗಲಿಯತ್ತ ತೋರಿಸಿದಳು. ಉರಿಯುವ ದೀಪಕ್ಕೆ ತಾಗುವಷ್ಟು ಹತ್ತಿರ, ಕುಂಕುಮ ಹಚ್ಚಿದ ಆ ಕಾಗದ. ಇಸಿಜಿ ಕಾಗದಕ್ಕೆ ಬಿಸಿ ತಾಗಿದರೆ ಸಾಕು, ಕಪ್ಪಾಗುತ್ತದೆ. ಒಂದು ಗೆರೆಯೂ ಉಳಿದಿರಲಿಲ್ಲ.

“ಯಾಕ ತಗೊಂಡಿಯವ್ವಾ?”

“ರೋಗ ಅವರ ರಕ್ತದಾಗಿಂದು, ಇದರಾಗ ಬರದೈತಿ ಅಂತ ಡಾಕ್ಟರಬಾಯಾರು ಅಂದಿದ್ರು. ನನ್ನ ಕಾಲ್ಗುಣ ಅಲ್ಲಂತ ಅತ್ತಿಯವರಿಗೆ ತೋರಿಸಬೇಕಂತ ಒಯ್ದೆ. ಬಾಗಲಾ ತಗೀಲಿಲ್ಲ. ಮತ್ತ ಇದರಾಗ ಅವರ ಎದಿ ಬಡದದ್ದು ಐತೆಲ್ರಿ, ಎಲ್ಲಿ ಇಡ್ಲಿ? ದೇವರ ಮುಂದ ಇಟ್ಟೆ.”

ದುಂಡಪ್ಪ ಶೀತಲಳ ಸಂಗತಿ ಹೇಳಿದ. ಭೀಮಕ್ಕ ಕಪ್ಪು ಕಾಗದವನ್ನು ಸೆರಗಿನಿಂದ ಒರೆಸತೊಡಗಿದಳು. “ಅಯ್ಯ ಶಿವನ! ಕೂಸಿಗೆ ಹಿಂಗಾಗೈತಿ ಅಂತ ನನಗ ಯಾರೂ ಹೇಳಲಿಲ್ರಿ. ಹೇಳಾಕ ನನಗ ಯಾರದಾರ?”

ಪಂಚನಾಮೆಯಲ್ಲಿ “ಕಪ್ಪಾದ ಕಾಗದ, ಒಂದು” ಎಂದು ದಾಖಲಾಯಿತು. ೫-೧೦ಕ್ಕೆ ಬಂಧನ. ಕಾರ್ಖಾನೆಯ ಫೋನಿನಲ್ಲಿ ಸುದ್ದಿ ಕೇಳಿದ ಗಂಗಾದೇವಿ, “ಇನ್ನ ಕತ್ತಲದಾಗ ಕೈಯಾಡಿಸಿದಂಗ ಔಷಧ ಕೊಡಬೇಕು,” ಎಂದಷ್ಟೇ ಹೇಳಿ ಇಟ್ಟರು.

ಠಾಣೆಯಲ್ಲಿ ಗುರುಸಿದ್ದ ಕೇಳಿದ, “ಸರ್, ಕಳವಿನ ಉದ್ದೇಶ ಏನಂತ ಬರೀಲಿ?”

ದುಂಡಪ್ಪ ಪೆನ್ನು ಇಸಿದುಕೊಂಡು ತಾನೇ ಬರೆದ: “ಗಂಡನ ಮನೆಗೆ ಹಿಂತಿರುಗುವುದು.”