ಮಂಡಕ್ಕಿ ದಿಂಬು

ಮೊದಲು ಸೌಂಡ್ ಆಫ್ ಮಾಡಬೇಕು. ಆಮೇಲೆ ಗೇಮ್ ಆಡುವವರ ಹಾಗೆ ಮೊಬೈಲನ್ನು ಅಡ್ಡ ಹಿಡಿಯಬೇಕು. ಮುಖ ಮಾತ್ರ ಕಿಟಕಿಯ ಕಡೆಗೇ ಇರಬೇಕು. ಹನ್ನೊಂದು ವರ್ಷದ ಅಂಕಿತಾಳಿಗೆ ಇದನ್ನೆಲ್ಲ ಯಾರು ಹೇಳಿಕೊಟ್ಟರೋ ಆ ಶಿವನೇ ಬಲ್ಲ! ಭಿನ್ನರಾಶಿ ಮಾತ್ರ ಹತ್ತು ಸಲ ಹೇಳಿದರೂ ಅವಳ ತಲೆಗೆ ಹತ್ತುವುದಿಲ್ಲ.

ದಾವಣಗೆರೆಯಿಂದ ಹೊರಟ ಬಸ್ಸು ಬಾತಿ ದಾಟಿತ್ತು. ಅಂಕಿತಾ ಅಮ್ಮನ ಜೊತೆ ಹರಿಹರಕ್ಕೆ, ಅಜ್ಜಿಯ ಮನೆಗೆ ಹೊರಟಿದ್ದಳು. ಅಮ್ಮ ಅವಳ ಕೈಗೆ ತನ್ನ ಮೊಬೈಲ್ ಕೊಟ್ಟು, ಮುಂದಿನ ಸೀಟಿನವರ ಜೊತೆ ಮಾತಿಗೆ ಬಿದ್ದಿದ್ದಳು. ಅಮ್ಮ ಮಾತಿಗೆ ಬಿದ್ದಳೆಂದರೆ ಮುಗಿಯಿತು, ಇಳಿಯುವ ತನಕ ಈ ಕಡೆ ತಿರುಗುವುದಿಲ್ಲ.

ಆಚೆ ಸಾಲಿನ ಸೀಟಿನಲ್ಲಿ ಒಬ್ಬ ಹೆಂಗಸು ನಿದ್ದೆ ಹೋಗಿದ್ದಳು. ತೊಡೆಯ ಮೇಲೆ ಅವಳಿಗಿಂತ ದಪ್ಪದ ಮಂಡಕ್ಕಿ ಚೀಲ. ಅದನ್ನು ಎರಡೂ ಕೈಯಿಂದ ತಬ್ಬಿಕೊಂಡು, ಅದರ ಮೇಲೆ ಕೆನ್ನೆ ಊರಿ, ಬಾಯಿ ತೆರೆದುಕೊಂಡು ಗೊರ್ ಗೊರ್ ಎನ್ನುತ್ತಿದ್ದಳು. ತುಟಿಯ ಅಂಚಿನಿಂದ ಸಣ್ಣಗೆ ಜೊಲ್ಲು ಇಳಿದಿತ್ತು. ಎಲ್ಲಕ್ಕಿಂತ ತಮಾಷೆಯೆಂದರೆ, ಮೂಗಿನ ತುದಿಗೆ ಒಂದು ಮಂಡಕ್ಕಿ ಕಾಳು ಅಂಟಿಕೊಂಡಿತ್ತು. ಉಸಿರು ಬಿಟ್ಟಾಗಲೆಲ್ಲ ಅದು ಅಲುಗುತ್ತಿತ್ತು.

ಅಂಕಿತಾ ಬೆರಳು ಒತ್ತಿದಳು. ಫೋಟೋ ಬಂತು, ಶಬ್ದ ಬರಲಿಲ್ಲ.

ಅದರ ಕೆಳಗೆ 'ಮಂಡಕ್ಕಿ ದಿಂಬು' ಎಂದು ಬರೆದು, ತನ್ನ ಕ್ಲಾಸಿನ 'ಸಿಕ್ಸ್ತ್ ಬಿ ಗ್ಯಾಂಗ್' ಗ್ರೂಪಿಗೆ ಹಾಕಿದಳು. ಎರಡು ಸ್ಟಾಪ್ ದಾಟುವಷ್ಟರಲ್ಲಿ ನಗುವ ಮುಖಗಳು ಸಾಲಾಗಿ ಬಂದವು. ತಿಪ್ಪೇಶ್ ಅಂತೂ, "ಲೇ ಅಂಕಿ, ಸೂಪರ್! ನಕ್ಕು ನಕ್ಕು ಹೊಟ್ಟಿ ನೋವು ಬಂತು" ಎಂದು ಬರೆದ. ತಿಪ್ಪೇಶ್ ಯಾರನ್ನೂ ಹೊಗಳುವ ಹುಡುಗನೇ ಅಲ್ಲ. ಅಂಕಿತಾಳಿಗೆ ಆಕಾಶಕ್ಕೆ ಮೂರೇ ಗೇಣು ಉಳಿಯಿತು.

"ರಂಗವ್ವಾ, ಹರಿಹರ ಬಂತು! ಏಳವ್ವಾ!" ಕಂಡಕ್ಟರ್ ಕೂಗಿದ.

ಹೆಂಗಸು ದಡಕ್ಕನೆ ಎದ್ದಳು. ಮೊದಲು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಯಾರಾದರೂ ನೋಡಿದರಾ ಎಂದು ಅತ್ತ ಇತ್ತ ಕಣ್ಣು ಹಾಯಿಸಿದಳು. ಅಂಕಿತಾ ನೋಡುತ್ತಿರುವುದು ಕಂಡು ನಾಚಿಕೊಂಡು ನಕ್ಕಳು.

"ಭಟ್ಟಿ ಕೆಲಸ ನೋಡು ತಾಯಿ. ಫಸ್ಟ್ ಬಸ್ಸಿಗೆ ದಾವಣಗೆರೆಗೆ ಹೋಗಿ ಮಂಡಕ್ಕಿ ಹುರಿಯೋ ಒಲಿ ಮುಂದೆ ನಿಂತ್ಕಂತೀನಿ. ವಾಪಸ್ ಬಂದ್ರೆ ಸಂಜಿ ತನ ಬಸ್ ಸ್ಟ್ಯಾಂಡಿನಾಗೆ ಮಾರಬೇಕು. ಈ ಬಸ್ಸಿನ ಅರ್ಧ ತಾಸೇ ನಂಗೆ ನಿದ್ದಿ."

ಕೆಳಗೆ ಇಳಿದ ಮೇಲೆ ರಂಗವ್ವ ಬಟ್ಟೆಯ ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡಳು. "ಒಂಚೂರು ಕೈ ಹಚ್ಚು ತಾಯಿ" ಎಂದಳು. ಅಂಕಿತಾ ಚೀಲದ ಒಂದು ತುದಿ ಹಿಡಿದು ಎತ್ತಿಕೊಟ್ಟಳು. ನೋಡಲು ಗುಡ್ಡದಂತಿದ್ದ ಚೀಲ ಎತ್ತಿದರೆ ಎಷ್ಟು ಹಗುರ! ಅದರ ಬಾಯಿಗೆ ಹಗ್ಗ ಬಿಗಿಯಾಗಿ ಕಟ್ಟಿತ್ತು. ಹಗ್ಗದ ಮೇಲೆ ಒಳಗಿನ ಪ್ಲಾಸ್ಟಿಕ್ ಇಣುಕುತ್ತಿತ್ತು. ಅದೆಲ್ಲ ಅಂಕಿತಾಳ ಕಣ್ಣಿಗೆ ಬಿದ್ದಿತ್ತು.

ರಂಗವ್ವ ಸೆರಗಿನ ಗಂಟು ಬಿಚ್ಚಿ, ತಾನು ತಿನ್ನಲು ಇಟ್ಟುಕೊಂಡಿದ್ದ ಮಂಡಕ್ಕಿಯಲ್ಲಿ ಒಂದು ಹಿಡಿಯನ್ನು ಅಂಕಿತಾಳ ಕೈಗೆ ಹಾಕಿದಳು. "ತಿನ್ನು, ಬಿಸಿ ಐತೆ" ಎಂದಳು. ನಿಜವಾಗಿಯೂ ಅದಿನ್ನೂ ಬೆಚ್ಚಗಿತ್ತು. ಅಂಕಿತಾ ತಿನ್ನುತ್ತಾ ಅಜ್ಜಿಯ ಮನೆಗೆ ನಡೆದಳು. ಫೋಟೋದ ವಿಷಯ ಅವಳಿಗೆ ಆಗಲೇ ಮರೆತೂಹೋಗಿತ್ತು.

ಅವಳು ಮರೆತರೂ ಫೋಟೋ ಸುಮ್ಮನಿರಲಿಲ್ಲ.

ಎರಡು ವಾರದ ಮೇಲೆ ಮತ್ತೆ ಹರಿಹರಕ್ಕೆ ಹೋದಾಗ, ಗುರುಶಾಂತಮ್ಮಜ್ಜಿ ಮೊಬೈಲನ್ನು ಮಾರುದೂರ ಹಿಡಿದು ಮುಖ ಕಿವುಚುತ್ತಿದ್ದರು.

"ಥೂ ಥೂ! ನೋಡಿಲ್ಲಿ, ನಮ್ ಭಜನಿ ಗ್ರೂಪಿಗೆ ಬಂದೈತೆ. ಇವಳ ಹತ್ರಾನೇ ಅಲ್ಲೇನೇ ನಾವು ಇಷ್ಟು ವರ್ಷ ಮಂಡಕ್ಕಿ ತಗಂಡಿದ್ದು?"

ಅಂಕಿತಾ ಬಗ್ಗಿ ನೋಡಿದಳು. ಅದೇ ಫೋಟೋ. ಮೂಲೆಯಲ್ಲಿ ಅವಳದೇ ವಾಟರ್ ಬಾಟಲಿನ ನೀಲಿ ಪಟ್ಟಿ ಕಾಣುತ್ತಿತ್ತು. ಕೆಳಗೆ 'ಮಂಡಕ್ಕಿ ದಿಂಬು' ಹಾಗೇ ಇತ್ತು, ಅದರ ಕೆಳಗೆ ಬೇರೆ ಯಾರೋ ಸೇರಿಸಿದ್ದರು: 'ಹರಿಹರದ ಜನರೇ ಎಚ್ಚರ! ನೀವು ತಿನ್ನುವ ಮಂಡಕ್ಕಿಗೆ ಜೊಲ್ಲು ಸುರಿಸುತ್ತಿರುವ ಹೆಂಗಸು. ಎಲ್ಲರಿಗೂ ಶೇರ್ ಮಾಡಿ.'

ಅಂಕಿತಾ ಆ ಸಾಲನ್ನು ಎರಡು ಸಲ ಓದಿದಳು.

"ಜೊಲ್ಲು ಮಂಡಕ್ಕಿಗೆ ಬಿದ್ದಿಲ್ಲಜ್ಜಿ. ಚೀಲದ ಬಾಯಿ ಕಟ್ಟಿತ್ತು. ಒಳಗೆ ಪ್ಲಾಸ್ಟಿಕ್ ಬೇರೆ ಇತ್ತು."

"ಅದು ನಿಂಗೆ ಹೆಂಗೆ ಗೊತ್ತು?"

ಅಜ್ಜಿ ಕನ್ನಡಕದ ಮೇಲಿನಿಂದ ನೋಡಿದರು. ಅಡುಗೆಮನೆಯ ಬಾಗಿಲಿಂದ ಅಮ್ಮನೂ ನೋಡಿದಳು. 'ನಾನೇ ತೆಗೆದದ್ದು' ಎನ್ನಲು ಎರಡೇ ಮಾತು ಸಾಕಿತ್ತು.

"ಸುಮ್ನೆ ಹೇಳಿದೆ" ಎಂದಳು ಅಂಕಿತಾ.

ಅಮ್ಮನ ಮೊಬೈಲ್ ಎತ್ತಿಕೊಂಡು ಹಿತ್ತಲಿಗೆ ಓಡಿದಳು. ಗ್ರೂಪಿನಲ್ಲಿ ಹಳೆಯ ಫೋಟೋ ಹುಡುಕಿ ಡಿಲೀಟ್ ಒತ್ತಿದಳು. ತಡವಾಗಿತ್ತು. ಅದು ಅಮ್ಮನ ಮೊಬೈಲಿನಿಂದ ಮಾತ್ರ ಹೋಗುತ್ತಿತ್ತು, ಬೇರೆ ಯಾರ ಮೊಬೈಲಿನಿಂದಲೂ ಹೋಗುತ್ತಿರಲಿಲ್ಲ. ತಿಪ್ಪೇಶನಿಗೆ ಫೋನ್ ಮಾಡಿದಳು.

"ಹೂಂ ಲೇ, ನಾನು ನಮ್ ಮಾಮಂಗೆ ಕಳಿಸಿದ್ದೆ" ಎಂದ ಅವನು. "ಅವ್ನು ಇನ್ಯಾರಿಗೋ ಕಳಿಸಿದ್ನಂತೆ."

"ಎಚ್ಚರ ಅಂತ ಬರ್ದಿದ್ದು ಯಾರು?"

"ಯಾರಿಗ್ಗೊತ್ತು? ನಿನ್ ಫೋಟೋ ವೈರಲ್ ಆಗೈತೆ ಕಣೇ, ಖುಷಿ ಪಡದು ಬಿಟ್ಟು ಅಳ್ತೀಯಲ್ಲ!"

ಆಗಲೇ ಅವಳಿಗೆ ತಾನು ಅಳುತ್ತಿರುವುದು ಗೊತ್ತಾದದ್ದು.

ಸಂಜೆ ವಾಪಸ್ ಹೊರಟಾಗ ಬಸ್ ಸ್ಟ್ಯಾಂಡಿನ ಗೋಡೆಯ ಪಕ್ಕ ರಂಗವ್ವ ಕೂತಿದ್ದಳು. ಎದುರಿಗೆ ಮಂಡಕ್ಕಿ ಚೀಲ. ಹೊತ್ತು ಮುಳುಗುತ್ತಾ ಬಂದಿದ್ದರೂ ಚೀಲ ಬಾಯಿ ತನಕ ತುಂಬಿಯೇ ಇತ್ತು. ಅಳೆಯುವ ಸೇರು ಅದರ ಮೇಲೆ ಬೋರಲಾಗಿ ಬಿದ್ದಿತ್ತು. ಕಾಲೇಜಿನ ಇಬ್ಬರು ಹುಡುಗರು ಬಂದರು. ಒಬ್ಬ ಮೊಬೈಲನ್ನು ಅವಳ ಮುಖದ ಪಕ್ಕ ಹಿಡಿದು, ಅದನ್ನೂ ಇದನ್ನೂ ಹೋಲಿಸಿ ನೋಡಿದ.

"ಏನವ್ವಾ, ದಿಂಬು ಸೇರಿಗೆ ಎಷ್ಟು?" ಎಂದ.

ಇನ್ನೊಬ್ಬ ಕಿಸಕ್ಕನೆ ನಕ್ಕ. ಇಬ್ಬರೂ ಏನೂ ತೆಗೆದುಕೊಳ್ಳದೆ ಹೋದರು.

ದಿಂಬು! ಎಚ್ಚರ ಎಂದು ಬರೆದವರು ಯಾರೋ ಏನೋ, ಆ ದಿಂಬು ಮಾತ್ರ ಅಂಕಿತಾಳದೇ. ಅದಕ್ಕೆ ಬೇರೆ ಯಾರನ್ನೂ ಬೈಯುವ ಹಾಗಿರಲಿಲ್ಲ. ಅವಳು ಅಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಬಸ್ಸು ಹೊರಟ ಮೇಲೆ ಎಲ್ಲವನ್ನೂ ಹೇಳಿಬಿಟ್ಟಳು. ಅಮ್ಮನ ಮುಖ ಸಪ್ಪಗಾಯಿತು.

"ಅಯ್ಯೋ ಶಿವನೇ! ನನ್ನ ಮೊಬೈಲಿಂದಾನಾ?" ಎಂದಳು. ಆಮೇಲೆ ಅಜ್ಜಿಗೆ ಫೋನ್ ಹಚ್ಚಿದಳು. ನಿಜ ಏನು ಎಂದು ನಿಮ್ಮ ಗ್ರೂಪಿಗೆ ಹಾಕಿ ಎಂದು ಕೇಳಿಕೊಂಡಳು.

ಅಜ್ಜಿಯ ದನಿ ಪಕ್ಕದಲ್ಲಿದ್ದ ಅಂಕಿತಾಳಿಗೂ ಕೇಳಿಸಿತು. "ಬ್ಯಾಡ ಬ್ಯಾಡ! ಬಾಯಿ ಮುಚ್ಕಂಡು ಸುಮ್ನಿರ್ರಿ. ನಮ್ ಮನಿ ಹುಡುಗಿ ಅಂತ ಗೊತ್ತಾದ್ರೆ ನಾನು ಓಣ್ಯಾಗೆ ತಲಿ ಎತ್ತಿ ತಿರುಗಾಡದು ಹೆಂಗೆ? ನಾಕು ದಿನ ಹೋದ್ರೆ ಎಲ್ಲ ಮರೀತಾರೆ."

ರಂಗವ್ವ ತಲೆ ಎತ್ತಿ ತಿರುಗಾಡುವುದು ಹೇಗೆ ಎಂದು ಅಜ್ಜಿ ಕೇಳಲಿಲ್ಲ. ಅಮ್ಮನೂ ಅದನ್ನು ಹೇಳಲಿಲ್ಲ. ಫೋನ್ ಇಟ್ಟಳು.

ಮರುದಿನ ಶಾಲೆಯಿಂದ ಬಂದವಳೇ ಅಂಕಿತಾ ಗ್ರೂಪಿಗೆ ತಾನೇ ಬರೆದಳು. ಒಂದೊಂದು ಅಕ್ಷರವನ್ನೂ ನೋಡಿ ನೋಡಿ ಬರೆದಳು. 'ಆ ಫೋಟೋ ನಾನು ಕದ್ದು ತೆಗೆದದ್ದು. ಅವರು ಸುಸ್ತಾಗಿ ಮಲಗಿದ್ದರು. ಚೀಲದ ಬಾಯಿ ಕಟ್ಟಿತ್ತು. ಅವರ ಮಂಡಕ್ಕಿ ಚೆನ್ನಾಗಿದೆ, ನಾನು ತಿಂದಿದ್ದೇನೆ. ದಯವಿಟ್ಟು ಫೋಟೋ ಡಿಲೀಟ್ ಮಾಡಿ. ಇದನ್ನೂ ಎಲ್ಲರಿಗೂ ಕಳಿಸಿ.'

ಮೂವತ್ತೆಂಟು ಜನ ನೋಡಿದರು. ಇಬ್ಬರು ಹೆಬ್ಬೆರಳು ತೋರಿಸಿದರು. ಆಮೇಲೆ ಯಾರೋ ಒಂದು ಬೆಕ್ಕಿನ ವಿಡಿಯೋ ಹಾಕಿದರು. ಎಲ್ಲರೂ ಅದಕ್ಕೆ ನಗತೊಡಗಿದರು.

ಮರುದಿನ ಕ್ಲಾಸಿನಲ್ಲಿ ಅವಳು ತಿಪ್ಪೇಶನನ್ನು ಹಿಡಿದುಕೊಂಡಳು. "ನಿಮ್ ಮಾಮಂಗೆ ಕಳಿಸ್ದೇನೋ?"

"ಏನನ್ನ?"

"ನಾನು ಬರ್ದಿದ್ನಲ್ಲ, ಅದನ್ನ."

"ಅದರಾಗೆ ಏನೈತಲೇ ಕಳಿಸಾಕೆ?" ಎಂದ ತಿಪ್ಪೇಶ್. ಅವನೇನು ಕೆಟ್ಟ ಹುಡುಗನಲ್ಲ. ನಿಜವಾಗಿಯೂ ಅವನಿಗೆ ಗೊತ್ತಾಗದೆ ಕೇಳಿದ್ದ.

ಮುಂದಿನ ಭಾನುವಾರ ಅಂಕಿತಾ ಹಟ ಹಿಡಿದು ಅಮ್ಮನನ್ನು ಅದೇ ಬಸ್ಸಿಗೆ ಹೊರಡಿಸಿದಳು. ಅಮ್ಮ ಮುಂದೆ ಕೂತಳು. ಅಂಕಿತಾ ಹಿಂದೆ ಹೋದಳು.

ಬಸ್ಸಿನಲ್ಲಿ ಸೀಟುಗಳು ಖಾಲಿ ಇದ್ದವು. ಆದರೂ ರಂಗವ್ವ ಕಂಬಿ ಹಿಡಿದು ನಿಂತಿದ್ದಳು. ಕಾಲಿನ ಹತ್ತಿರ ಅರ್ಧ ಚೀಲ ಮಂಡಕ್ಕಿ ಇತ್ತು. ಅವಳ ಕಣ್ಣು ಕೆಂಪಗಾಗಿದ್ದವು. ರೆಪ್ಪೆ ಜಗ್ಗಿ ಬಂದಾಗಲೆಲ್ಲ ತಲೆ ಕೊಡವಿಕೊಳ್ಳುತ್ತಿದ್ದಳು.

"ಅಜ್ಜೀ, ಕೂಡ್ರಿ. ಸೀಟ್ ಐತೆ."

"ಬ್ಯಾಡ ತಾಯಿ. ಕುಂತ್ರೆ ನಿದ್ದಿ ಬರ್ತೈತೆ." ರಂಗವ್ವ ಅವಳ ಗುರುತು ಹಿಡಿದು ನಕ್ಕಳು. "ಯಾರೋ ಪುಣ್ಯಾತ್ಮರು ನಾನು ಮಲಗಿದ್ದನ್ನ ಫೋಟೋ ತೆಗ್ದು ಊರಿಗೆಲ್ಲ ಹಂಚ್ಯಾರೆ. ಬಸ್ ಸ್ಟ್ಯಾಂಡಿನಾಗೆ ಒಬ್ರೂ ತಗಳ್ಳಲ್ಲ. ಈಗ ಕಡರನಾಯಕನಹಳ್ಳಿ ಕಡೀಗೆ ಹೊತ್ಕಂಡು ಹೋಗ್ತೀನಿ. ಅಲ್ಲೂ ಎಷ್ಟು ದಿನವೋ, ಅಲ್ಲೂ ಮೊಬೈಲ್ ಅದಾವಲ್ಲ."

ಇವತ್ತು ಹೇಳದಿದ್ದರೆ ಇನ್ನು ಯಾವತ್ತೂ ಹೇಳುವುದಿಲ್ಲ ಎಂದು ಅಂಕಿತಾಳಿಗೆ ಗೊತ್ತಿತ್ತು.

"ನಾನೇ ತೆಗ್ದಿದ್ದು, ಅಜ್ಜೀ."

ರಂಗವ್ವನ ನಗು ನಿಂತುಹೋಯಿತು. "ನೀನಾ?"

ಅಂಕಿತಾ ತಲೆಯಾಡಿಸಿದಳು.

"ಹಿಂದಿನ ಸೀಟಿನಾಗೆ ಕುಂತಿದ್ದ ಗಂಡಸರು ಅನ್ಕಂಡಿದ್ದೆ. ದಿನಾ ಅವರಿಗೆ ಶಾಪ ಹಾಕ್ತಿದ್ದೆ." ರಂಗವ್ವ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. "ನೀನು ನನ್ ಚೀಲಕ್ಕೆ ಕೈ ಹಚ್ಚಿದ್ದಿ ಅಲ್ಲೇನು?"

"ಎಲ್ಲರಿಗೂ ಡಿಲೀಟ್ ಮಾಡ್ರಿ ಅಂತ ಹೇಳೀನಿ ಅಜ್ಜೀ. ಚೀಲ ಕಟ್ಟಿತ್ತು ಅಂತಾನೂ ಬರ್ದೀನಿ."

"ಮಾಡಿದ್ರಾ?"

"ಇಲ್ಲ" ಎಂದಳು ಅಂಕಿತಾ.

ರಂಗವ್ವ ಬೈದಿದ್ದರೆ ಚೆನ್ನಾಗಿತ್ತು. ಎರಡು ಏಟು ಹಾಕಿದ್ದರೂ ಚೆನ್ನಾಗಿತ್ತು. ಅವಳು ದನಿ ಕೂಡ ಏರಿಸಲಿಲ್ಲ. ಕಿಟಕಿಯಾಚೆ ನೋಡುತ್ತಾ ಹೇಳಿದಳು. "ನನ್ ಮೊಮ್ಮಗನೂ ನೋಡಿದ. 'ಅಜ್ಜೀ, ನೀನು ಹಿಂಗೆ ಬಾಯಿ ತಕ್ಕಂಡು ಮಲಗ್ತೀಯಾ' ಅಂದ. ಮಲಗಿದಾಗ ನನ್ ಮುಖ ಹೆಂಗಿರ್ತೈತೆ ಅಂತ ಐವತ್ತೈದು ವರ್ಷ ನಂಗೇ ಗೊತ್ತಿರಲಿಲ್ಲ ತಾಯಿ. ಈಗ ಊರಿಗೆಲ್ಲ ಗೊತ್ತು."

"ನೀವು ಮಲಗ್ರಿ ಅಜ್ಜೀ. ಯಾರೂ ಫೋಟೋ ತೆಗೀದಂಗೆ ನಾನು ಕಾಯ್ತೀನಿ."

ರಂಗವ್ವನ ಕಣ್ಣು ಅಂಕಿತಾಳ ಕೈಗೆ ಹೋಯಿತು. ಕೈಯಲ್ಲಿ ಅಮ್ಮನ ಮೊಬೈಲ್ ಇತ್ತು. ರಂಗವ್ವ ಮೆಲ್ಲಗೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

ಅಂಕಿತಾ ಬೆಂಕಿ ಮುಟ್ಟಿದವಳ ಹಾಗೆ ಮೊಬೈಲನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದಳು. ಎರಡೂ ಕೈ ಖಾಲಿ ಎಂದು ತೋರಿಸಿದಳು. ಹರಿಹರ ಬರುವ ತನಕ ಆ ಸೆರಗು ಕೆಳಗೆ ಇಳಿಯಲಿಲ್ಲ.

ಬಸ್ಸು ನಿಂತಿತು. ರಂಗವ್ವ ಚೀಲ ಎಳೆದುಕೊಂಡು ಇಳಿದಳು. ತಲೆಯ ಮೇಲೆ ಸಿಂಬಿ ಇಟ್ಟುಕೊಂಡಳು. ಅಂಕಿತಾ ಓಡಿಬಂದು ಎರಡೂ ಕೈ ಚಾಚಿದಳು.

"ಕಂಡಕ್ಟರಣ್ಣಾ," ರಂಗವ್ವ ಅವಳ ತಲೆಯ ಮೇಲಿನಿಂದ ಕೂಗಿದಳು, "ಒಂಚೂರು ಕೈ ಹಚ್ಚಪ್ಪಾ."

ಕಂಡಕ್ಟರ್ ಬಂದು ಎತ್ತಿಕೊಟ್ಟ. ರಂಗವ್ವ ಹಿಂದೆ ತಿರುಗದೆ ನಡೆದುಹೋದಳು. ಚಾಚಿದ ಕೈಗಳನ್ನು ಏನು ಮಾಡಬೇಕೆಂದು ಅಂಕಿತಾಳಿಗೆ ತಿಳಿಯಲಿಲ್ಲ.

ಸಂಜೆಯ ಬಸ್ಸಿನಲ್ಲಿ ಅಮ್ಮನ ಭುಜಕ್ಕೆ ಒರಗಿ ನಿದ್ದೆ ಮಾಡುವುದು ಅಂಕಿತಾಳ ಯಾವತ್ತಿನ ರೂಢಿ. ಅವತ್ತೂ ಒರಗಿದಳು. ಅತ್ತು ಅತ್ತು ಕಣ್ಣು ಭಾರವಾಗಿದ್ದವು. ನಿದ್ದೆ ಹತ್ತುತ್ತಾ ಬಂತು, ಬಾಯಿ ತಾನಾಗಿಯೇ ತೆರೆದುಕೊಂಡಿತು.

ಆಚೆ ಸಾಲಿನಲ್ಲಿ ಯಾರೋ ಮೊಬೈಲ್ ಎತ್ತಿದರು. ಅದನ್ನು ಅಡ್ಡ ಹಿಡಿದಿದ್ದರು. ಗೇಮ್ ಆಡಲು ಇರಬಹುದು. ಅವರ ಮುಖ ಕಿಟಕಿಯ ಕಡೆಗಿತ್ತು.

ಅಂಕಿತಾ ಬಾಯಿ ಮುಚ್ಚಿಕೊಂಡು ನೆಟ್ಟಗೆ ಕೂತಳು.

"ಯಾಕ, ನಿದ್ದಿ ಬರ್ಲಿಲ್ಲೇನು?" ಅಮ್ಮ ಕೇಳಿದಳು.

"ಬರ್ತೈತೆ" ಎಂದಳು ಅಂಕಿತಾ.

ಬಾತಿ ಹೋಯಿತು, ಊರಿನ ದೀಪಗಳು ಬಂದವು. ದಾವಣಗೆರೆಯಲ್ಲಿ ಇಳಿಯುವ ತನಕ ಅವಳು ಕಣ್ಣು ಮುಚ್ಚಲಿಲ್ಲ.