ತಳದ ಬಿಳಿ

"ಸರ್, ಲುಂಬಿನಿ ನಳದ ನೀರು ತಂದಾಳ್ರಿ," ಎಂದ ರಾಜರತ್ನ. ಕ್ಲಾಸಿಗೆ ಕ್ಲಾಸೇ ನಕ್ಕಿತು.

ನೀರು ಎಷ್ಟು ತಿಳಿಯಾಗಿದೆ ಎಂದು ನೋಡಲು ಲಕ್ಷ್ಮಿಕಾಂತ ಸರ್ ಬಾಟಲಿಯ ಹಿಂದೆ ಕಾರ್ಡ್ ಹಿಡಿದಿದ್ದರು. ಅದರ ಮೇಲಿನ ಕರಿ ಪ್ಲಸ್ ಗುರುತು ನಿಚ್ಚಳವಾಗಿ ಕಾಣುತ್ತಿತ್ತು. ಶಹಾಬಾದಿನ ಹಳ್ಳದ, ಅಂದರೆ ನಾಲಾದ, ನೀರಿನಲ್ಲಿ ಅದು ಎಂದೂ ಕಂಡದ್ದಿಲ್ಲ. ವಾರಕ್ಕೊಮ್ಮೆ ಆ ನೀರು ತಂದು, ನೋಡಿ, ರಿಜಿಸ್ಟರಿನಲ್ಲಿ ಬರೆಯುವುದು ಐದನೇ ಕ್ಲಾಸಿನ ಕೆಲಸ. ಈ ವಾರ ಲುಂಬಿನಿಯ ಪಾಳಿ.

"ನಾಲಾದ್ದೇ ರೀ ಸರ್. ನಿನ್ನಿ ಸಂಜಿಕ ಪೂಲಿನ ಹತ್ರ ತುಂಬೀನ್ರಿ."

"ಮತ್ತ ಇಷ್ಟು ತಿಳಿ ಹ್ಯಾಂಗ ಆತು?"

"ಡಬ್ಬಿದಾಗ ಇಟ್ಟಿದ್ದೆರಿ. ಮುಂಜಾನಿ ಮ್ಯಾಲಿಂದು ಅಷ್ಟೇ ಅರಿವಿಲೆ ಸೋಸಿ ತಂದೀನ್ರಿ. ನಮ್ಮವ್ವ ಕುಡಿಯೋ ನೀರಿಗಿ ಹಂಗೇ ಮಾಡ್ತಾಳ. ಶಾಲಿಗಿ ಹೊಲಸು ನೀರು ಹ್ಯಾಂಗ ತರೋದ್ರಿ?"

ಮತ್ತೆ ನಗು. ಸರ್ ಮಾತ್ರ ನಗಲಿಲ್ಲ. "ತಳದಾಗ ಉಳದಿದ್ದೇ ನಮಗ ಬೇಕಾಗಿತ್ತವ್ವ. ನಾಳಿ ಇನ್ನೊಮ್ಮಿ ತಾ. ಸೋಸಬ್ಯಾಡ."

ಸಂಜೆ ಲುಂಬಿನಿ ಪೂಲಿನ ಹತ್ತಿರ, ಸೇತುವೆಯ ಕೆಳಗಿಳಿದು, ಮತ್ತೆ ಬಾಟಲಿ ತುಂಬಿ ಬಿಸಿಲಿಗೆ ಹಿಡಿದಳು. ಒಳಗೊಂದು ಬಿಳಿ ಮೋಡ. ಅದು ಹೊರಳುತ್ತಾ, ನಿದ್ದೆ ಬಂದವರಂತೆ ಮೆಲ್ಲಗೆ ಕೆಳಗಿಳಿಯಿತು. ನಾಲಾದಲ್ಲಿ ಯಾರೋ ಹಾಲು ಚೆಲ್ಲುತ್ತಾರೆ ಎಂದು ಸಣ್ಣಾಕೆ ಇದ್ದಾಗ ಅಂದುಕೊಂಡಿದ್ದಳು. ನೋಡುತ್ತಾ ನಿಂತಂತೆ ತಳದಲ್ಲಿ ಮೆತ್ತನೆಯ ಬಿಳಿ ಹಾಸಿಗೆ ಕಟ್ಟಿತು.

ಆ ಬಿಳಿ ಆಕೆಗೆ ಗೊತ್ತಿತ್ತು. ದಿನಾ ಅಪ್ಪನ ರೆಪ್ಪೆಯ ಮೇಲೆ ಕೂತು ಮನೆಗೆ ಬರುವುದು ಅದೇ.

ಅಪ್ಪ ದೇವಿಂದ್ರ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಾಕುವ ಮಷಿನ್ ಮೇಲೆ ಕೆಲಸ ಮಾಡುತ್ತಾನೆ. ಅಲ್ಲಿನ ಕಲ್ಲುಪುಡಿಯ ನೀರೆಲ್ಲ ನಾಲಾಕ್ಕೇ ಹೋಗುತ್ತದೆ. ಲುಂಬಿನಿ ಮನೆಗೆ ಬಂದಾಗ ಅವನು ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದ. ಬಿಳಿ ನೀರು ಮೋರಿ ಹಿಡಿದು ನಾಲಾದ ಕಡೆ ಹರಿಯಿತು. ಆಕೆ ಬಾಟಲಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟಳು.

"ಏನದ ಅದು? ತೋರ್ಸು."

"ಅಪ್ಪಾ, ಇದನ್ನ ಬರದ್ರ ನಿನ್ನ ಕೆಲಸ ಹೋಗ್ತದೇನು?"

ಅಪ್ಪ ಬಾಟಲಿ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಕೆಮ್ಮಿದ. ಅವನ ಎದೆಯೊಳಗೆ ಏನೋ ಕಲಕಿದಂತೆ ಸದ್ದಾಯಿತು.

"ಮಾಲಕ ಒಂದು ಹೊಂಡ ತೋಡಿಸಿದ್ರ ಇದು ಅಲ್ಲೇ ಕುಂದರ್ತದ. ನಾವು ಹೇಳಿ ಹೇಳಿ ಸಾಕಾಗ್ಯಾದ." ಬಾಟಲಿಯನ್ನು ತಾನೇ ಚೆನ್ನಾಗಿ ಕುಲುಕಿ ಆಕೆಯ ಕೈಗಿಟ್ಟ. "ನೀ ಬರಿ. ಇದ್ದದ್ದು ಇದ್ದಂಗ ಬರಿ."

ಮರುದಿನ ಲುಂಬಿನಿ ಬಾಟಲಿಯನ್ನು ಎದೆಗೊತ್ತಿಕೊಂಡು ಶಾಲೆಗೆ ನಡೆದಳು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಕುಲುಕುತ್ತಿದ್ದಳು. ಪ್ರತಿ ಸಲವೂ ಬಿಳಿ ಮೋಡ ಎದ್ದು ತೇಲುತ್ತಿತ್ತು. ಶಾಲೆ ಬರುವ ತನಕ ಅದನ್ನು ತಳಕ್ಕೆ ಕೂರಲು ಬಿಡಲಿಲ್ಲ.