ಚರಂಡಿ ಕಡೆಯ ಸ್ಟಿಯರಿಂಗು

ಬೆಳಿಗ್ಗೆ ಏಳಕ್ಕೆ ಶೆಡ್ಡಿನ ಬೀಗ ತೆಗೆದು ಕಾರಿನ ಹೊದಿಕೆ ಸರಿಸಿದ ಗ್ಯಾರೇಜು ಮೇಸ್ತ್ರಿ ನಿಂತಲ್ಲೇ ನಿಂತುಬಿಟ್ಟ. ಹಾರ್ನು ಇರಲಿಲ್ಲ.

ಹಿತ್ತಾಳೆಯ ಹಾರ್ನು. ಅದರ ಬುಡದ ರಬ್ಬರ್ ಉಂಡೆ ಒತ್ತಿದರೆ ಬಾತುಕೋಳಿ ಕೆಮ್ಮಿದ ಹಾಗೆ ಸದ್ದು ಬರುತ್ತಿತ್ತು. ಈಗ ಅದನ್ನು ಬಿಗಿದಿದ್ದ ಎರಡು ಸ್ಕ್ರೂಗಳು ಮಾತ್ರ ಕಾಲಿಡುವ ಮೆಟ್ಟಿಲ ಮೇಲೆ ಒಂದರ ಪಕ್ಕ ಒಂದು ಕೂತಿದ್ದವು. ಹತ್ತು ಗಂಟೆಗೆ ಹಳೇ ಕಾರುಗಳ ಮೆರವಣಿಗೆ.

ಕಾರು ಡಾಕ್ಟರಮ್ಮನ ಗಂಡನ ಅಜ್ಜನದು. ಕೋಳಿಗಳು ಮೊಟ್ಟೆ ಇಡುತ್ತಿದ್ದ ಆ ತುಕ್ಕಿನ ಗೂಡನ್ನು ಮೇಸ್ತ್ರಿ ಮೂರು ವರ್ಷ ಬೆವರು ಸುರಿಸಿ ಓಡುವಂತೆ ಮಾಡಿದ್ದ. 'ಮೆರವಣಿಗೇಲಿ ನೀವೇ ಓಡಿಸ್ಬೇಕು' ಎಂದು ಡಾಕ್ಟರಮ್ಮ ಮಾತು ಕೊಟ್ಟಿದ್ದರು. ಆ ಮಾತಿಗಾಗಿ ಅವನು ಹೊಸ ಕೋಟು ಹೊಲಿಸಿದ್ದ.

ಡಾಕ್ಟರಮ್ಮ ಬಂದರು. ಖಾಲಿ ಜಾಗ ನೋಡಿದರು. ಮುಖ ಸಣ್ಣದಾಯಿತು.

"ಹೇಳೋಕೆ ನಾಲಿಗೆ ಏಳ್ತಿಲ್ಲ ಮೇಸ್ತ್ರಿ. ನೀವು ಒಯ್ದಿದ್ದನ್ನ ನೋಡಿದೋರು ಇದಾರೆ, ಈಗ ತಾನೇ ಹೇಳಿದ್ರು. ಇವತ್ತು ನನ್ನ ಮೈದುನನೇ ಓಡಿಸ್ಲಿ. ನೀವು ಮನೆಗೆ ಹೋಗಿ."

ಮೇಸ್ತ್ರಿಗೆ ಕಿವಿ ಗುಂಯ್‌ಗುಟ್ಟಿತು. ಹೋದ ಹಾರ್ನಿಗಿಂತ ಹೋದ ನಂಬಿಕೆ ಅವನನ್ನು ಸುಟ್ಟಿತು. ಹೊರಗೆ ಬಂದು ಅಕ್ಕನಿಗೆ ಫೋನು ಮಾಡಿದ.

ಗಾಡಿಗಳು ರಸ್ತೆಯ ಬಲಕ್ಕೆ ಓಡುವ ಆ ದೇಶದಲ್ಲಿ ಅಕ್ಕ ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲು ನಡೆಸಿದವಳು. ಅರ್ಧ ಊರಿಗೆ ಗಾಡಿ ಓಡಿಸುವುದನ್ನೂ ಉಳಿದರ್ಧಕ್ಕೆ ಗಾಡಿ ನಿಲ್ಲಿಸುವುದನ್ನೂ ಕಲಿಸಿದ್ದಳು. ಡಾಕ್ಟರಮ್ಮನೂ ಆಕೆಯ ಶಿಷ್ಯೆಯೇ. ಸುಳ್ಳು ಹೇಳುವವರು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಗಾಡಿ ಓಡಿಸುತ್ತಾರೆ ಎಂಬುದು ಆಕೆಯ ಸಿದ್ಧಾಂತ. ಅರ್ಧ ಗಂಟೆಯಲ್ಲಿ ಬಂದಳು. ಮೊದಲು ನೋಡಿದ್ದು ಆ ಎರಡು ಸ್ಕ್ರೂಗಳನ್ನು.

"ಕಳ್ಳ ಇಷ್ಟು ಅಚ್ಚುಕಟ್ಟಾಗಿರ್ತಾನಾ?" ಎಂದು ಗೊಣಗಿ ಡಾಕ್ಟರಮ್ಮನ ಕಡೆ ತಿರುಗಿದಳು. "ಶೆಡ್ಡಿನ ಕೀಲಿ ಎಷ್ಟಮ್ಮಾ?"

"ಎರಡು ಟೀಚರ್. ಒಂದು ನಿಮ್ಮ ತಮ್ಮನ ಹತ್ರ. ಇನ್ನೊಂದು ಅಡುಗೆಮನೆ ಮೊಳೇಲಿ."

"ನಿನ್ನೆ ಮನೆಗೆ ಯಾರು ಬಂದಿದ್ರು?"

"ಸೀಟು ಹೊಲಿಯೋನು ಬಂದಿದ್ದ. ಮಧ್ಯಾಹ್ನವೇ ಹೋದ."

"ಆಗ ಕಾರು ನನ್ನ ಹತ್ರ ಇತ್ತು, ಓಡಿಸಿ ನೋಡೋಕೆ ಒಯ್ದಿದ್ದೆ" ಎಂದ ಮೇಸ್ತ್ರಿ.

"ಹಾಗಾದ್ರೆ ಅವನಲ್ಲ. ನೋಡಿದೋರನ್ನ ಕರೀರಿ."

ಡಾಕ್ಟರಮ್ಮನ ಮೈದುನ ಬಂದರು. ಬೇರೆ ಊರಿನವರು, ಬಂದು ಎರಡು ದಿನವಾಗಿತ್ತು. ಅರವತ್ತರ ಆಸುಪಾಸು. ಕತ್ತಿಗೆ ಬಿಳಿ ರೇಷ್ಮೆ ವಸ್ತ್ರ, ಕೈಗೆ ಚರ್ಮದ ಗ್ಲೌಸು. ಮೆರವಣಿಗೆಗೆ ತಯಾರಾಗಿಯೇ ಇದ್ದರು.

"ಎಷ್ಟು ಹೊತ್ತಿಗೆ ನೋಡಿದ್ರಿ?"

"ನಿನ್ನೆ ಸಂಜೆ ನಾಲ್ಕು ಗಂಟೆಗೆ."

"ಎಲ್ಲಿಂದ?"

"ಮಹಡಿ ಕಿಟಕಿಯಿಂದ. ಕಾರು ಅಂಗಳಕ್ಕೆ ಬಂತು. ಮೇಸ್ತ್ರಿ ಸ್ಟಿಯರಿಂಗ್ ಕಡೆ ಬಾಗಿಲು ತೆಗೆದು ಇಳಿದ. ಬಗಲಲ್ಲಿ ಹಳದಿ ಬಟ್ಟೆ ಗಂಟು. ಹಾರ್ನಿನಷ್ಟೇ ದಪ್ಪ."

"ಅದು ನನ್ನ ಊಟದ ಡಬ್ಬಿ—" ಎಂದು ಮೇಸ್ತ್ರಿ ಎದ್ದ.

"ನೀನು ಕೂತ್ಕೊ" ಎಂದಳು ಅಕ್ಕ. ಆಕೆಯ ಕಣ್ಣಲ್ಲಿ ಸಣ್ಣ ನಗುವಿತ್ತು. ಪರೀಕ್ಷೆಯಲ್ಲಿ ಯಾರನ್ನಾದರೂ ಫೇಲು ಮಾಡುವ ಮುಂಚೆ ಬರುತ್ತಿದ್ದ ನಗು ಅದು. "ಇಳಿದಿದ್ದನ್ನ ಕಣ್ಣಾರೆ ನೋಡಿದ್ರಾ?"

"ಕಣ್ಣಾರೆ."

"ಸರಿ. ಹೇಗೆ ಇಳಿದ ಅಂತ ಸ್ವಲ್ಪ ತೋರಿಸ್ತೀರಾ? ಅದೇ ಬಾಗಿಲಿಂದ ಹತ್ತಿ, ಇಳೀರಿ. ಸಾಕು."

ಮೈದುನ ಉತ್ಸಾಹದಿಂದಲೇ ಸ್ಟಿಯರಿಂಗ್ ಇದ್ದ ಬಲಗಡೆಗೆ ಹೋದರು. ಬಾಗಿಲಿನ ಅಂಚು ಹಿಡಿದು ಎಳೆದರು. ಬರಲಿಲ್ಲ. ಒಳಗೆ ಕೈ ಹಾಕಿ ಚಿಲಕ ಹುಡುಕಿದರು. ಸಿಗಲಿಲ್ಲ. ಮೊಣಕಾಲು ಹೊರಗಿನ ಕಬ್ಬಿಣದ ಲಿವರಿಗೆ ಬಡಿಯಿತು. ಗ್ಲೌಸಿನ ಕೈ ಹಾಗೇ ನಿಂತಿತು.

"ತೆಗೆಯೋಕೆ ಬರಲ್ಲ ಅದು" ಎಂದಳು ಅಕ್ಕ. "ಬಾಗಿಲೇ ಅಲ್ಲ, ಬಾಗಿಲಿನ ಗೆರೆ. ಆ ಕಡೆ ಬಾಗಿಲಿಗೆ ಜೋಡಿ ಕಾಣ್ಲಿ ಅಂತ ತಗಡಿನ ಮೇಲೆ ಉಬ್ಬಿಸಿದ್ದು."

ಮೇಸ್ತ್ರಿ ಹಣೆ ಚಚ್ಚಿಕೊಂಡ. ಆ ಗೆರೆಗೆ ಬಣ್ಣ ಹಚ್ಚಿದ್ದೇ ಅವನು.

"ಮೂರು ವರ್ಷ ಇದರ ಜೊತೆ ಸಂಸಾರ ಮಾಡಿದೀಯ, ನಿನಗೇ ಹೊಳೀಲಿಲ್ವಲ್ಲೋ" ಎಂದಳು ಅಕ್ಕ.

"ಹಳದಿ ಗಂಟು ಅನ್ನೋದೊಂದೇ ನನ್ನ ಕಿವಿಗೆ ಬಿದ್ದಿದ್ದು ಅಕ್ಕಾ."

ಡಾಕ್ಟರಮ್ಮ ಕಾರಿನ ಎರಡೂ ಕಡೆ ನೋಡಿದರು. "ಅರ್ಥ ಆಗ್ಲಿಲ್ಲ ಟೀಚರ್. ಡ್ರೈವರ್‌ಗೆ ಬಾಗಿಲೇ ಇಲ್ವಾ? ಯಾಕೆ?"

"ಈ ದೇಶದಲ್ಲಿ ನಾವು ರಸ್ತೆ ಬಲಕ್ಕೆ ಹೋಗ್ತೀವಿ. ನಿನ್ನ ಕಾರಿಗೆ ಸ್ಟಿಯರಿಂಗು ಎಡಕ್ಕೆ, ರಸ್ತೆ ನಡುವಿಗೆ. ಇದಕ್ಕೆ ಬಲಕ್ಕೆ, ಚರಂಡಿ ಕಡೆಗೆ. ಆಗ ಎದುರಿಂದ ಬರೋ ಗಾಡಿ ದಿನಕ್ಕೆ ಒಂದೋ ಎರಡೋ. ಹೆದರಿಕೆ ಇದ್ದಿದ್ದು ಚರಂಡೀದು. ಚಕ್ರ ಅಂಚಿಗೆ ಎಷ್ಟು ಹತ್ರ ಇದೆ ಅಂತ ಬಗ್ಗಿ ನೋಡ್ಬೇಕಿತ್ತು. ಮತ್ತೆ ಗೇರು, ಕೈಬ್ರೇಕು ಎರಡೂ ಹೊರಗಡೆ. ಎಳೆಯೋಕೆ ಬಲಗೈಯೇ ಬೇಕು, ಕುದುರೆ ಗಾಡಿಯೋರಿಗೂ ಅದೇ ಅಭ್ಯಾಸ. ಲಿವರ್ ನಿಂತಿರೋ ಕಡೆ ಬಾಗಿಲು ಎಲ್ಲಿ ಇಡ್ತಾರೆ?"

"ಆಮೇಲೆ ಯಾಕೆ ಬದಲಾಯ್ತು?"

"ಗಾಡಿ ಹೆಚ್ಚಾದ್ವು. ಚರಂಡಿಗಿಂತ ಎದುರಿನೋನ ಭಯ ದೊಡ್ಡದಾಯ್ತು. ಅವನನ್ನ ನೋಡೋಕೆ ಡ್ರೈವರು ನಡುವಿಗೆ ಬಂದ. ಎಡಕ್ಕೆ ಹೋಗೋ ದೇಶಗಳಲ್ಲಿ ಬಲಗಡೆಯೇ ನಡುವಿಗಾಯ್ತು, ಅಲ್ಲೇ ಉಳೀತು." ಆಕೆ ಮೈದುನನತ್ತ ತಿರುಗಿದಳು. "ಈ ಕಾರಿಂದ ನನ್ನ ತಮ್ಮ ಇಳೀಬೇಕಾದ್ರೆ ಪಕ್ಕದ ಸೀಟು ದಾಟಿ ಆ ಕಡೆಯಿಂದಲೇ ಇಳೀಬೇಕು. ನೀವು ನೋಡಿದ್ದು ಅವನು ಗಂಟು ಹಿಡಿದು ಗೇಟು ದಾಟಿದ್ದನ್ನ ಮಾತ್ರ. ಉಳಿದಿದ್ದು ಈಗಿನ ಕಾರು ನೆನೆದು ಹೊಸೆದ ಕಥೆ. ಅಡುಗೆಮನೆ ಕೀಲಿ ತಗೊಂಡು ರಾತ್ರಿ ಶೆಡ್ಡಿಗೆ ಬಂದಿದ್ದು ನೀವೇ. ಕಾಸಿಗೆ ಕದಿಯೋನು ಸ್ಕ್ರೂ ಜೋಡಿಸಿ ಇಡಲ್ಲ. ಮತ್ತೆ ಹಾಕ್ಬೇಕು ಅಂತಿರೋನು ಇಡ್ತಾನೆ. ಹಾರ್ನು ಎಲ್ಲಿದೆ?"

ಮೈದುನ ರೇಷ್ಮೆ ವಸ್ತ್ರವನ್ನು ಬಿಚ್ಚಿ ಕೈಯಲ್ಲಿ ಸುತ್ತಿಕೊಂಡರು.

"ನನ್ನ ದಿಂಬಿನ ಕೆಳಗೆ" ಎಂದರು. "ಚಿಕ್ಕೋನಿದ್ದಾಗ ನಿಂತ ಕಾರಲ್ಲಿ ಅಜ್ಜ ನನ್ನ ಕೂರಿಸ್ಕೊಂಡು ಅದನ್ನ ಒತ್ತಿಸೋರು. ಒಂದ್ಸಲ ಓಡಿಸ್ಬೇಕು ಅನ್ನೋ ಆಸೆ ಇತ್ತು ಅತ್ತಿಗೆ. ಕೇಳೋಕೆ ನಾಚಿಕೆಯಾಯ್ತು."

"ಕೇಳೋಕೆ ನಾಚಿಕೆ, ಇನ್ನೊಬ್ಬರ ಮೇಲೆ ಕಳ್ಳತನ ಹೊರಿಸೋಕೆ ಇಲ್ಲ" ಎಂದರು ಡಾಕ್ಟರಮ್ಮ. ಆಮೇಲೆ ಮೇಸ್ತ್ರಿಯ ಎದುರು ನಿಂತು, "ನಾನು ನಿಮ್ಮನ್ನೇ ಮೊದಲು ಕೇಳ್ಬೇಕಿತ್ತು. ತಪ್ಪಾಯ್ತು" ಎಂದರು. ಮೇಸ್ತ್ರಿ ಸ್ಕ್ರೂ ಎತ್ತಿಕೊಳ್ಳುವ ನೆಪದಲ್ಲಿ ಬಗ್ಗಿಬಿಟ್ಟ.

ಹತ್ತಕ್ಕೆ ಕಾರು ಹೊರಟಿತು. ಸ್ಟಿಯರಿಂಗಿನ ಹಿಂದೆ ಹೊಸ ಕೋಟಿನ ಮೇಸ್ತ್ರಿ. ಪಕ್ಕದಲ್ಲಿ ಮೈದುನ. ಅವರನ್ನು ಮನೆಯಲ್ಲೇ ಬಿಡುತ್ತೇನೆಂದು ಡಾಕ್ಟರಮ್ಮ ಹಟ ಹಿಡಿದಿದ್ದರು. ಹಾರ್ನು ಒತ್ತಲು ಒಬ್ಬರು ಬೇಕು ಎಂದು ಕರೆದುಕೊಂಡದ್ದು ಮೇಸ್ತ್ರಿಯೇ.

ಹಳೇ ಎಂಜಿನ್ನು ದಾರಿಯಲ್ಲಿ ಹನ್ನೊಂದು ಸಲ ನಿಂತಿತು. ಪ್ರತಿ ಸಲವೂ ಮೇಸ್ತ್ರಿ ಕಾರಿನ ಮುಂದೆ ಹೋಗಿ ಸ್ಟಾರ್ಟ್ ಮಾಡುವ ಹ್ಯಾಂಡಲ್ ತಿರುಗಿಸಬೇಕು. ಅವನು ಇಳಿಯಬೇಕಾದರೆ ಮೊದಲು ಮೈದುನ ಇಳಿಯಬೇಕು. ಅವನು ಹತ್ತಿದ ಮೇಲೆ ಮೈದುನ ಹತ್ತಬೇಕು. ಮೊದಲ ಸಲ ಮೇಸ್ತ್ರಿ "ಸ್ವಾಮಿ, ಈ ಕಡೆಯಿಂದ" ಎಂದು ಕೈ ತೋರಿಸಿದ. ಆಮೇಲೆ ತೋರಿಸುವ ಅಗತ್ಯವೇ ಬೀಳಲಿಲ್ಲ.